ಮಿದುಳಿನ ನಕ್ಷೆಗೆ ಮೊದಲ ಪಾಠ: ಜೆನ್ನಾರಿ ಗೆರೆ

ಮನುಷ್ಯನ ಮಿದುಳಿನ ರಚನೆಯನ್ನು ನಕ್ಷೆಗೆ ಇಳಿಸುವುದು ಕಲಿಯಬೇಕೆಂದರೆ ತಲೆಯ ಹಿಂಭಾಗದಿಂದ ಶುರುಮಾಡಿ. ಅಲ್ಲಿ ಆಕ್ಸಿಪಿಟಲ್ ಹಾಲೆಯ ಒಳಮುಖದಲ್ಲಿ ಕ್ಯಾಲ್ಕರೈನ್ ಸಲ್ಕಸ್ ಎಂಬ ಆಳವಾದ ಬಿರುಕಿದೆ. ಕಣ್ಣಿನಿಂದ ಹೊರಟ ಸುದ್ದಿ ಕಾರ್ಟೆಕ್ಸ್‌ನಲ್ಲಿ, ಅಂದರೆ ಮಿದುಳಿನ ಹೊರಗಿನ ಬೂದು ಪದರದಲ್ಲಿ, ಮೊದಲು ಬಂದು ಮುಟ್ಟುವುದು ಈ ಬಿರುಕಿನ ಎರಡು ದಡಗಳಿಗೆ. ಜರ್ಮನಿಯ ನರವಿಜ್ಞಾನಿ ಕೊರ್ಬಿನಿಯನ್ ಬ್ರಾಡ್‌ಮನ್ 1909ರಲ್ಲಿ ಕೊಟ್ಟ ಸಂಖ್ಯೆಯ ಪ್ರಕಾರ ಇದು 17ನೇ ಪ್ರದೇಶ. ಫಾರ್ಮಲಿನ್‌ನಲ್ಲಿ ಗಟ್ಟಿಯಾದ ಮಿದುಳನ್ನು ಇಲ್ಲಿ ಅಡ್ಡಕ್ಕೆ ಕೊಯ್ದು ಬೆಳಕಿಗೆ ಹಿಡಿದರೆ, ಬೂದು ಪದರದ ನಡುವೆ ತೆಳುವಾದ ಬಿಳಿ ಗೆರೆಯೊಂದು ಬರಿಗಣ್ಣಿಗೇ ಕಾಣುತ್ತದೆ. ಇಟಲಿಯ ಪಾರ್ಮಾದಲ್ಲಿ ವೈದ್ಯಕೀಯ ಓದುತ್ತಿದ್ದ ಫ್ರಾನ್ಸೆಸ್ಕೊ ಜೆನ್ನಾರಿ ಅದನ್ನು ಕಂಡದ್ದು 1776ರಲ್ಲಿ, ಪ್ರಕಟಿಸಿದ್ದು 1782ರಲ್ಲಿ. ಗೆರೆಗೆ ಅವನ ಹೆಸರೇ ಉಳಿದಿದೆ.

ನಾನು ಮಿದುಳಿನ ಕಾಯಿಲೆ ಪರೀಕ್ಷಿಸುವ ನ್ಯೂರೋಪೆಥಾಲಜಿ ಲ್ಯಾಬಿನಲ್ಲಿ ಸೆಕ್ಷನ್, ಅಂದರೆ ಟಿಶ್ಯೂವಿನ ತೆಳು ಪದರ, ಕತ್ತರಿಸುವವಳು. ಎಂಎಲ್‌ಟಿ (ಮೆಡಿಕಲ್ ಲ್ಯಾಬ್ ಟೆಕ್ನಾಲಜಿ) ಡಿಪ್ಲೊಮಾ ಮುಗಿಸಿ ತುಮಕೂರಿನಿಂದ ಬೆಂಗಳೂರಿಗೆ ಬಂದಾಗಿನಿಂದ ಇದೇ ಕೆಲಸ. ಹೊಸದಾಗಿ ಸೇರುವ ಟೆಕ್ನಿಷಿಯನ್‌ಗಳಿಗೆ, ಪಿಎಚ್‌ಡಿ ಮಾಡುವ ಮಕ್ಕಳಿಗೆ ಕಲಿಸುವ ಜವಾಬ್ದಾರಿಯೂ ಈಗ ನನ್ನದೇ. ಅವರು ಬಂದ ದಿನದಿಂದ ಕೇಳುವುದು ಸ್ಕ್ಯಾನರ್ ಬಗ್ಗೆ, ಸಾಫ್ಟ್‌ವೇರ್ ಬಗ್ಗೆ. ಅವರಿಗೆ ನಾನು ಮೊದಲು ಹೇಳುವುದು: ಚಿತ್ರ ಬೇರೆ, ನಕ್ಷೆ ಬೇರೆ. ಚಿತ್ರಕ್ಕೆ ಒಳ್ಳೆಯ ಕ್ಯಾಮೆರಾ ಸಾಕು. ನಕ್ಷೆಗೆ ಈ ತುಂಡು ತಲೆಯ ಯಾವ ಜಾಗದ್ದು, ಯಾವ ಕೋನದಲ್ಲಿ ಕೊಯ್ದದ್ದು, ಕೊಯ್ದ ಮೇಲೆ ಎಷ್ಟು ಕುಗ್ಗಿತು ಎಂಬ ಲೆಕ್ಕ ಬೇಕು. ಆ ಲೆಕ್ಕವನ್ನು ಮೈಕ್ರೋಸ್ಕೋಪಿನ ಮುಂದೆ ಕೂತ ಮೇಲೆ ಹುಡುಕಿದರೆ ಸಿಗುವುದಿಲ್ಲ.

ಜೆನ್ನಾರಿ ಗೆರೆಯನ್ನೇ ಮೊದಲ ಪಾಠಕ್ಕೆ ಇಟ್ಟುಕೊಳ್ಳುವುದಕ್ಕೆ ಕಾರಣವೂ ಇದೇ. ಈ ಗೆರೆ ಬರಿಗಣ್ಣಿಗೆ ಕಾಣುತ್ತದೆ, ಸೂಕ್ಷ್ಮವಾದ ಎಂಆರ್‌ಐಯಲ್ಲಿ ಕಾಣುತ್ತದೆ, ನರತಂತುವಿನ ಕೊಬ್ಬಿನ ಹೊದಿಕೆಯಾದ ಮಯಲಿನ್‌ಗೆ ಹಾಕುವ ಸ್ಟೇನ್‌ನಲ್ಲಿ (ಬಣ್ಣದಲ್ಲಿ) ಕಾಣುತ್ತದೆ, ಕೋಶಗಳ ಸ್ಟೇನ್‌ನಲ್ಲೂ ಅದರ ಜಾಗ ಗುರುತು ಸಿಗುತ್ತದೆ. ನಾಲ್ಕರಲ್ಲೂ ಒಂದೇ ಜಾಗಕ್ಕೆ ಬಂದು ಕೂತರೆ ನಿಮ್ಮ ಕೆಲಸವನ್ನು ನಂಬಬಹುದು. ಕೂರದಿದ್ದರೆ ನಡುವೆ ಯಾವುದೋ ಹಂತ ಜಾರಿದೆ ಎಂದೇ ಅರ್ಥ. ಯಾವ ಹಂತ ಎಂದು ಹುಡುಕುವ ದಾರಿಯನ್ನೂ ಕೆಳಗೆ ಹೇಳಿದ್ದೇನೆ.

ಒಪ್ಪಿಗೆ, ಸುರಕ್ಷತೆ, ಫಾರ್ಮಲಿನ್

ಮಿದುಳಿನ ಟಿಶ್ಯೂ ಯಾರೋ ಒಬ್ಬರ ಮನೆಯವರು ದುಃಖದ ಹೊತ್ತಿನಲ್ಲಿ ಸಹಿ ಹಾಕಿ ಕೊಟ್ಟದ್ದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳಿನ ಬ್ಯಾಂಕ್ ಇದೆ. ಒಪ್ಪಿಗೆಯಿಂದ ಬಂದ ಮಿದುಳನ್ನು ಕಾಪಾಡಿ, ಎಥಿಕ್ಸ್ ಸಮಿತಿ ಒಪ್ಪಿದ ಸಂಶೋಧನೆಗೆ ಟಿಶ್ಯೂ ಕೊಡುವ ವ್ಯವಸ್ಥೆ ಅಲ್ಲಿದೆ. ಈ ಕೆಲಸಕ್ಕೆ ಬರುವವರು ಅಲ್ಲಿನ ಮಿದುಳಿನ ಮ್ಯೂಸಿಯಂ ಒಮ್ಮೆ ನೋಡಿ ಬನ್ನಿ. ಅದು ಸಾರ್ವಜನಿಕರಿಗೂ ತೆರೆದಿದೆ. ನಿಮ್ಮ ಕೈಗೆ ಟಿಶ್ಯೂ ಬರುವಾಗ ಅದರ ಮೇಲೆ ಕೋಡ್ ಇರಬೇಕು, ಹೆಸರು ಇರಬಾರದು. ಕೋಡ್ ಜೊತೆಗೆ ನಾಲ್ಕು ವಿವರ ಇದ್ದೇ ಇರಬೇಕು: ವಯಸ್ಸು, ಲಿಂಗ, ತೀರಿಕೊಂಡ ಎಷ್ಟು ಗಂಟೆಯ ನಂತರ ಫಾರ್ಮಲಿನ್‌ಗೆ ಬಿತ್ತು, ಫಾರ್ಮಲಿನ್‌ನಲ್ಲಿ ಎಷ್ಟು ದಿನ ಇತ್ತು. ಇವಿಲ್ಲದ ಟಿಶ್ಯೂವಿನ ಚಿತ್ರ ಎಷ್ಟೇ ಚೆನ್ನಾಗಿ ಬಂದರೂ ಇನ್ನೊಂದು ಮಿದುಳಿನ ಜೊತೆ ಹೋಲಿಸಲು ಆಗುವುದಿಲ್ಲ.

ಸಿಜೆಡಿ ಎಂಬ, ಹರಡಬಲ್ಲ ಮಿದುಳಿನ ಕಾಯಿಲೆಯ ಶಂಕೆ ಇರುವ ಮಿದುಳನ್ನು ಕಲಿಯುವವರು ಮುಟ್ಟಲೇಬಾರದು. ಆ ಕಾಯಿಲೆಯ ಪ್ರಿಯಾನ್ ಪ್ರೋಟೀನ್ ಫಾರ್ಮಲಿನ್‌ಗೆ ಸಾಯುವುದಿಲ್ಲ. ಅಂಥ ಮಿದುಳಿನಿಂದ ಕೊಯ್ದ ಸಣ್ಣ ತುಂಡುಗಳನ್ನು, ಅಂದರೆ ಬ್ಲಾಕ್‌ಗಳನ್ನು, ಗಾಢ ಫಾರ್ಮಿಕ್ ಆಸಿಡ್‌ನಲ್ಲಿ ಒಂದು ಗಂಟೆ ನೆನೆಸಿ, ಬೇರೆಯೇ ಜಾಗದಲ್ಲಿ, ಬೇರೆಯೇ ಸಲಕರಣೆಯಲ್ಲಿ ಮಾಡುವ ಕೆಲಸ ಅದು. ಉಳಿದಂತೆ ಗ್ಲೌಸ್, ಕನ್ನಡಕ, ಫ್ಯೂಮ್ ಹುಡ್ ಇಲ್ಲದೆ ಫಾರ್ಮಲಿನ್ ಡಬ್ಬಿ ತೆರೆಯಬೇಡಿ. ಅದು ಕ್ಯಾನ್ಸರ್ ತರುವ ವಸ್ತು. ವಾಸನೆ ಅಭ್ಯಾಸವಾಯಿತು ಎಂದ ಮಾತ್ರಕ್ಕೆ ಅಪಾಯ ಕಡಿಮೆಯಾಗಲಿಲ್ಲ.

ನಾವು ಬಳಸುವುದು 10 ಶೇಕಡ ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್. ಅದರಲ್ಲಿ ಫಾರ್ಮಾಲ್ಡಿಹೈಡ್ ಇರುವುದು ಸುಮಾರು 4 ಶೇಕಡ. ಬಫರ್ ಹಾಕದಿದ್ದರೆ ದ್ರಾವಣ ಹುಳಿಯಾಗುತ್ತದೆ, ರಕ್ತದ ಜೊತೆ ಸೇರಿ ಕಂದು ಕಪ್ಪು ಕಣಗಳು ಕೂರುತ್ತವೆ, ಆಮೇಲೆ ಸಾಫ್ಟ್‌ವೇರ್ ಆ ಕಣಗಳನ್ನೂ ಕೋಶ ಎಂದು ಎಣಿಸುತ್ತದೆ. ಇಡೀ ಮಿದುಳನ್ನು ಬಕೆಟ್ಟಿನ ತಳಕ್ಕೆ ಹಾಗೇ ಬಿಡಬಾರದು. ತನ್ನ ಭಾರಕ್ಕೇ ಚಪ್ಪಟೆಯಾಗಿ, ಅದೇ ಆಕಾರದಲ್ಲಿ ಗಟ್ಟಿಯಾಗುತ್ತದೆ. ಬುಡದಲ್ಲಿರುವ ಬೇಸಿಲಾರ್ ಆರ್ಟರಿಯ ಕೆಳಗೆ ದಾರ ತೂರಿಸಿ, ಬಕೆಟ್ಟಿನ ಬಾಯಿಗೆ ಕಟ್ಟಿ, ತಲೆಕೆಳಗಾಗಿ ತೇಲಿಬಿಡಿ. ಟಿಶ್ಯೂಗಿಂತ ಕಡೇಪಕ್ಷ ಹತ್ತು ಪಟ್ಟು ದ್ರಾವಣ ಇರಲಿ, ನಡುನಡುವೆ ಬದಲಾಯಿಸಿ. ಎರಡು ಮೂರು ವಾರ ಬೇಕು. ಫಾರ್ಮಲಿನ್ ಒಳಕ್ಕೆ ಇಳಿಯುವುದು ಬಹಳ ನಿಧಾನ, ಆಳಕ್ಕೆ ಹೋದಷ್ಟೂ ಇನ್ನೂ ನಿಧಾನ. ಬೇಗ ಕೊಯ್ದರೆ ಹೊರಗೆಲ್ಲ ಬೂದು, ನಡುವೆ ಗುಲಾಬಿ ಬಣ್ಣ. ಆ ಗುಲಾಬಿ ಭಾಗ ಮುಂದೆ ಯಾವ ಸ್ಟೇನ್‌ಗೂ ಸರಿಯಾಗಿ ಒಗ್ಗುವುದಿಲ್ಲ.

ಇನ್ನೊಂದು ಮಾತು. ಹಸಿ ಮಿದುಳನ್ನು ಬೆರಳಲ್ಲಿ ಒತ್ತಿ ಹಿಡಿಯಬೇಡಿ. ಒತ್ತಿದ ಜಾಗದ ನರಕೋಶಗಳು ಸ್ಟೇನ್ ಆದಾಗ ಕುಗ್ಗಿ, ಕಡುಬಣ್ಣಕ್ಕೆ ತಿರುಗಿ ಕಾಣುತ್ತವೆ. ಅನುಭವವಿಲ್ಲದವರು ಅದನ್ನು ಕಾಯಿಲೆ ಎಂದು ಬರೆದುಬಿಡುತ್ತಾರೆ.

ಕೊಯ್ಯುವ ಮೊದಲು ಎಂಆರ್‌ಐ

ಮಷಿನ್ ಸಮಯ ಸಿಗುವ ಹಾಗಿದ್ದರೆ ಚಾಕು ಮುಟ್ಟಿಸುವ ಮೊದಲು ಸ್ಕ್ಯಾನ್ ಮಾಡಿ. ಮಿದುಳು ಇಡಿಯಾಗಿ ಇರುವ ಕೊನೆಯ ಸಲ ಅದು. ಇದಾದ ಮೇಲೆ ನೀವು ಪಡೆಯುವ ಒಂದೊಂದು ಚಿತ್ರವೂ ಎಳೆದ, ಕುಗ್ಗಿದ, ಸೊಟ್ಟಗಾದ ತುಂಡಿನದು. ಅವನ್ನೆಲ್ಲ ಮರಳಿ ಕೂರಿಸುವ ಚೌಕಟ್ಟು ಈ ಸ್ಕ್ಯಾನ್.

ಫಾರ್ಮಲಿನ್‌ನಲ್ಲಿದ್ದ ಟಿಶ್ಯೂವಿನ ಸಿಗ್ನಲ್ ಬೇಗ ಸೊರಗುತ್ತದೆ, ಅಂದರೆ ಸಿಗ್ನಲ್ ಉಳಿಯುವ ಸಮಯವಾದ ಟಿ2 ಕಡಿಮೆ. ಸ್ಕ್ಯಾನ್‌ಗೆ ಕೆಲವು ದಿನ ಮೊದಲು ಫಾಸ್ಫೇಟ್ ಬಫರ್‌ನಲ್ಲಿ ನೆನೆಸಿ, ಬದಲಾಯಿಸುತ್ತಾ ಇದ್ದರೆ ಬಹುಪಾಲು ಮರಳುತ್ತದೆ. ಆಮೇಲೆ ಗಾಳಿಗುಳ್ಳೆ. ಸಲ್ಕಸ್‌ಗಳ ಸಂದಿಯಲ್ಲಿ ಒಂದು ಗುಳ್ಳೆ ಉಳಿದರೂ ಸುತ್ತಲಿನ ಚಿತ್ರ ಕಪ್ಪಾಗಿ ಹರಿದುಹೋಗುತ್ತದೆ. ಡಬ್ಬಿಯನ್ನು ವ್ಯಾಕ್ಯೂಮ್‌ಗೆ ಹಾಕಿ, ನಿಧಾನಕ್ಕೆ ಅಲ್ಲಾಡಿಸಿ, ಗುಳ್ಳೆ ಬರುವುದು ನಿಲ್ಲುವ ತನಕ ಕಾಯಿರಿ. ಸುತ್ತ ತುಂಬಲು ಫಾಂಬ್ಲಿನ್‌ನಂಥ ಹೈಡ್ರೋಜನ್ ಇಲ್ಲದ ದ್ರವ ಬಳಸಿದರೆ ಹಿನ್ನೆಲೆ ಪೂರ್ತಿ ಕಪ್ಪಗೆ ಬರುತ್ತದೆ, ಮಿದುಳಿನ ಅಂಚು ಸ್ಪಷ್ಟ.

ಸತ್ತ ಮಿದುಳು ಅಲುಗಾಡುವುದಿಲ್ಲವಾದ್ದರಿಂದ ಗಂಟೆಗಟ್ಟಲೆ ಸ್ಕ್ಯಾನ್ ಮಾಡಬಹುದು. 2019ರಲ್ಲಿ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ತಂಡ 7 ಟೆಸ್ಲಾ ಮಷಿನ್‌ನಲ್ಲಿ ಸುಮಾರು 100 ಗಂಟೆ ಸ್ಕ್ಯಾನ್ ಮಾಡಿ ಇಡೀ ಮಿದುಳನ್ನು 100 ಮೈಕ್ರಾನ್ ಸೂಕ್ಷ್ಮತೆಯಲ್ಲಿ ಪ್ರಕಟಿಸಿತು. ನಮಗೆ ನಿಮಗೆ ಅಷ್ಟು ಸಮಯ ಯಾರೂ ಕೊಡುವುದಿಲ್ಲ. ಆದರೆ ಆಕ್ಸಿಪಿಟಲ್ ಹಾಲೆಯಷ್ಟನ್ನೇ ಸಿಗ್ನಲ್ ಹಿಡಿಯುವ ಸಣ್ಣ ಕಾಯಿಲ್‌ನಲ್ಲಿಟ್ಟು 200–300 ಮೈಕ್ರಾನ್‌ಗೆ ಇಳಿಸಿದರೆ ಸಾಕು, ಟಿ2 ಸ್ಟಾರ್ ಎಂಬ ಬಗೆಯ ಎಂಆರ್‌ಐ ಚಿತ್ರದಲ್ಲಿ ಜೆನ್ನಾರಿ ಗೆರೆ ಕಪ್ಪಾಗಿ ಕಾಣುತ್ತದೆ. ಬರಿಗಣ್ಣಿಗೆ ಬಿಳಿ, ಇಲ್ಲಿ ಕಪ್ಪು, ಗಾಬರಿಯಾಗಬೇಡಿ. ಅಲ್ಲಿ ತುಂಬಿರುವ ಮಯಲಿನ್ ಮತ್ತು ಕಬ್ಬಿಣದ ಅಂಶ ಸಿಗ್ನಲ್ ತಗ್ಗಿಸುತ್ತವೆ.

ಡಿಫ್ಯೂಷನ್ ಎಂಆರ್‌ಐ ಬಗ್ಗೆ ಮಕ್ಕಳಿಗೆ ಬಹಳ ಮೋಹ. ನರತಂತುಗಳ ಬಣ್ಣಬಣ್ಣದ ಚಿತ್ರ ಕೊಡುವುದು ಅದೇ. ಆದರೆ ಆ ಮಷಿನ್ ನೋಡುವುದು ನೀರಿನ ಅಣುಗಳ ಓಡಾಟವನ್ನು. ನೀರು ತಂತುವಿನ ಉದ್ದಕ್ಕೆ ಸಲೀಸಾಗಿ, ಅಡ್ಡಕ್ಕೆ ಕಷ್ಟಪಟ್ಟು ಸರಿಯುತ್ತದೆ. ಅದರಿಂದ ದಿಕ್ಕನ್ನು ಊಹಿಸುತ್ತಾರೆ. ಒಂದು ಮಿಲಿಮೀಟರ್ ಚೌಕದಲ್ಲಿ ಸಾವಿರಾರು ತಂತುಗಳು ಒಂದನ್ನೊಂದು ದಾಟುತ್ತಿದ್ದರೆ ಊಹೆ ತಪ್ಪುತ್ತದೆ. ಫಿಕ್ಸ್ ಆದ, ಅಂದರೆ ಫಾರ್ಮಲಿನ್‌ನಲ್ಲಿ ಗಟ್ಟಿಯಾದ, ಟಿಶ್ಯೂವಿನಲ್ಲಿ ನೀರಿನ ಓಡಾಟವೇ ತಗ್ಗಿರುವುದರಿಂದ, ಬದುಕಿರುವವರಿಗೆ ಇಡುವ ಬಿ ಮೌಲ್ಯ (ನೀರಿನ ಓಡಾಟಕ್ಕೆ ಸ್ಕ್ಯಾನ್ ಎಷ್ಟು ಸೂಕ್ಷ್ಮ ಎಂಬ ಸೆಟ್ಟಿಂಗ್) ಇಲ್ಲಿ ಸಾಲದು, ಹೆಚ್ಚಿಸಬೇಕು. ಆ ಚಿತ್ರದ ಒಂದೊಂದು ಬಣ್ಣದ ಎಳೆಯೂ ಲೆಕ್ಕದ ಫಲ, ನಿಜವಾದ ತಂತುವಿನ ಫೋಟೊ ಅಲ್ಲ ಎಂಬುದು ನೆನಪಿರಲಿ.

ಕೊಯ್ಯುವುದು

ಇಡೀ ಕೆಲಸದಲ್ಲಿ ನನಗೆ ಅತಿ ಮುಖ್ಯ ಎನಿಸುವ ಹಂತ ಇದು. ಹೆಚ್ಚಿನವರು ಇದನ್ನು ಹತ್ತು ನಿಮಿಷದಲ್ಲಿ ಮುಗಿಸುತ್ತಾರೆ. ಅರ್ಧ ದಿನ ಎತ್ತಿಡಿ.

ಉದ್ದನೆಯ ಮಿದುಳಿನ ಚಾಕುವಿನಿಂದ ಒಂದೇ ಎಳೆತದಲ್ಲಿ, ಗರಗಸದ ಹಾಗೆ ಹಿಂದೆ ಮುಂದೆ ಆಡಿಸದೆ, 1 ಸೆಂಟಿಮೀಟರ್ ದಪ್ಪದ ಹೋಳುಗಳಾಗಿ ಕೊಯ್ಯಿರಿ. ಚಾಕುವಿಗೆ ಮೊದಲು ನೀರು ಹಚ್ಚಿ. ಪ್ರತಿ ಹೋಳಿನ ಎರಡೂ ಮುಖದ ಫೋಟೊ, ಪಕ್ಕದಲ್ಲಿ ಸ್ಕೇಲ್, ಕೋಡ್ ಚೀಟಿ, ಮೇಲೆ ಕೆಳಗೆ ಎಡ ಬಲ ಎಂಬ ಗುರುತು. ಕ್ಯಾಮೆರಾ ಸ್ಟ್ಯಾಂಡ್‌ನಲ್ಲಿ ನೇರ ಕೆಳಮುಖವಾಗಿರಲಿ. ಕೈಯಲ್ಲಿ ಹಿಡಿದು ತೆಗೆದ ಫೋಟೊದಲ್ಲಿ ಅಳತೆ ಮಾಡಲು ಬರುವುದಿಲ್ಲ.

ಕ್ಯಾಲ್ಕರೈನ್ ಸಲ್ಕಸ್ ಇರುವ ಹೋಳಿನಲ್ಲಿ ಬಿಳಿ ಗೆರೆಯನ್ನು ಹುಡುಕಿ. ಬಿರುಕಿನ ಆಳದಿಂದ ಹೊರಟು ದಡದ ಮೇಲೆ ಹತ್ತಿ, ಒಂದು ಕಡೆ ಥಟ್ಟನೆ ನಿಲ್ಲುತ್ತದೆ. ಆ ನಿಲ್ಲುವ ಜಾಗ 17 ಮತ್ತು 18ನೇ ಪ್ರದೇಶಗಳ ಗಡಿ. ಮನುಷ್ಯನ ಕಾರ್ಟೆಕ್ಸ್‌ನಲ್ಲಿ ಇಷ್ಟು ಖಚಿತವಾದ ಗಡಿ ಇನ್ನೊಂದು ಕಡೆ ಸಿಗುವುದು ಕಷ್ಟ. ಬ್ಲಾಕ್ ತೆಗೆಯುವಾಗ ಈ ಗಡಿ ಬ್ಲಾಕಿನ ನಡುವೆ ಬರಬೇಕು. ಆಗ ಎರಡೂ ಪ್ರದೇಶ ಒಂದೇ ಸ್ಲೈಡ್‌ನಲ್ಲಿ ಸಿಗುತ್ತವೆ. ಅಳತೆ 25 ಮಿಲಿಮೀಟರ್ ಉದ್ದ, 20 ಅಗಲ, 4 ದಪ್ಪ. ಕ್ಯಾಸೆಟ್‌ಗೆ ಅದಕ್ಕಿಂತ ದಪ್ಪ ತುರುಕಿದರೆ ಒಳಗೆ ಮೇಣ ಇಳಿಯುವುದಿಲ್ಲ.

ಕೋನದ ವಿಷಯ. ಕಾರ್ಟೆಕ್ಸ್‌ನ ಮೇಲ್ಮೈಗೆ ಲಂಬವಾಗಿ ಕೊಯ್ದರೆ ಮಾತ್ರ ಪದರಗಳ ದಪ್ಪ ನಿಜವಾಗಿ ಬರುತ್ತದೆ. ಬಾಳೆದಿಂಡನ್ನು ಓರೆಯಾಗಿ ಹೆಚ್ಚಿದರೆ ಬಿಲ್ಲೆ ಅಂಡಾಕಾರವಾಗಿ ಉದ್ದ ಬರುವುದನ್ನು ನೋಡಿದ್ದೀರಲ್ಲ, ಇಲ್ಲೂ ಅದೇ. 2 ಮಿಲಿಮೀಟರ್ ದಪ್ಪದ ಕಾರ್ಟೆಕ್ಸ್ 30 ಡಿಗ್ರಿ ಓರೆಯಾದರೆ 2.3 ಮಿಲಿಮೀಟರ್ ಎಂದು ತೋರಿಸುತ್ತದೆ, 45 ಡಿಗ್ರಿಯಾದರೆ 2.8. ಮಿದುಳಿನ ಮೇಲ್ಮೈ ಎಲ್ಲ ಕಡೆ ಮಡಿಸಿಕೊಂಡಿರುವುದರಿಂದ ಒಂದೇ ಸೆಕ್ಷನ್‌ನಲ್ಲಿ ಒಂದು ಜಾಗ ಲಂಬವಾಗಿದ್ದು ಪಕ್ಕದ್ದು ಓರೆಯಾಗಿರುತ್ತದೆ. ದಪ್ಪ ಅಳೆಯುವುದು ಲಂಬವಾಗಿರುವ ಜಾಗದಲ್ಲಿ ಮಾತ್ರ. ಸಲ್ಕಸ್‌ನ ತಳದಲ್ಲಿ, ಬಿರುಕುಗಳ ನಡುವಿನ ಉಬ್ಬಾದ ಗೈರಸ್‌ನ ನೆತ್ತಿಯಲ್ಲಿ ಅಳೆಯಬೇಡಿ. ಅಲ್ಲಿ ಪದರಗಳೇ ಬಾಗಿ, ಕೆಲವು ತೆಳುವಾಗಿ ಕೆಲವು ದಪ್ಪವಾಗಿ ಇರುತ್ತವೆ.

ಬ್ಲಾಕಿನ ಒಂದು ಅಂಚಿಗೆ ಇಂಡಿಯಾ ಇಂಕ್ ಹಚ್ಚಿ. ಕಾರ್ಟೆಕ್ಸ್‌ನ ಕೆಳಗಿರುವ ಬಿಳಿ ದ್ರವ್ಯದಲ್ಲಿ ತೆಳು ಸೂಜಿಯಿಂದ ಎರಡು ತೂತು ನೇರವಾಗಿ ತೂರಿಸಿ, ಎರಡಕ್ಕೂ ಅಂಚಿನಿಂದ ದೂರ ಬೇರೆ ಬೇರೆ ಇರಲಿ. ಮುಂದೆ ಪ್ರತಿ ಸೆಕ್ಷನ್‌ನಲ್ಲೂ ಈ ತೂತುಗಳು ಕಾಣುತ್ತವೆ. ಸೆಕ್ಷನ್ ಸ್ಲೈಡ್ ಮೇಲೆ ಮಗುಚಿ ಬಿದ್ದಿದ್ದರೆ ಎಡಬಲ ಅದಲುಬದಲಾಗಿದೆ ಎಂದು ಇವೇ ತೋರಿಸಿಕೊಡುತ್ತವೆ. ಗಣಕದಲ್ಲಿ ಚಿತ್ರ ಜೋಡಿಸುವವರು ಈ ಎರಡು ತೂತಿಗೆ ನಿಮಗೆ ಋಣಿಯಾಗಿರುತ್ತಾರೆ.

ಕೊನೆಗೆ ಬ್ಲಾಕಿನ ಉದ್ದ ಅಗಲವನ್ನು ಕ್ಯಾಲಿಪರ್‌ನಲ್ಲಿ ಅಳೆದು ಪುಸ್ತಕದಲ್ಲಿ ಬರೆಯಿರಿ. ಈ ಸಂಖ್ಯೆ ಇಲ್ಲದೆ ಮುಂದಿನ ಅರ್ಧ ಲೆಕ್ಕ ನಿಂತುಹೋಗುತ್ತದೆ.

ಮೇಣವೋ, ಮಂಜೋ

ಎರಡು ದಾರಿ ಇವೆ. ಮೇಣದ ದಾರಿಯಲ್ಲಿ 70, 80, 95, 100 ಶೇಕಡ ಆಲ್ಕೋಹಾಲ್‌ನಲ್ಲಿ ಹಂತ ಹಂತವಾಗಿ ನೀರು ತೆಗೆದು, ಜೈಲೀನ್ ದಾಟಿಸಿ, 60 ಡಿಗ್ರಿಯ ಪ್ಯಾರಾಫಿನ್‌ಗೆ ಹಾಕುತ್ತೇವೆ. ಮಿದುಳಿನಲ್ಲಿ ಕೊಬ್ಬಿನ ಅಂಶ ಹೆಚ್ಚು, ಲಿವರ್ ಕಿಡ್ನಿಗೆ ಇಟ್ಟ ಪ್ರೋಗ್ರಾಮ್ ಸಾಲದು. ಪ್ರತಿ ಹಂತಕ್ಕೂ ಸಮಯ ಹೆಚ್ಚಿಸಿ. ಮಂಜಿನ ದಾರಿಯಲ್ಲಿ 30 ಶೇಕಡ ಸುಕ್ರೋಸ್‌ನಲ್ಲಿ ಬ್ಲಾಕ್ ಮುಳುಗಿ ತಳ ಸೇರುವ ತನಕ ನೆನೆಸಿ, ತಣ್ಣಗಿನ ಐಸೋಪೆಂಟೇನ್‌ನಲ್ಲಿ ಬೇಗ ಗಟ್ಟಿಮಾಡಿ, ಕ್ರಯೋಸ್ಟ್ಯಾಟ್ ಎಂಬ ತಣ್ಣಗಿನ ಮಷಿನ್‌ನಲ್ಲಿ ಕತ್ತರಿಸುವುದು. ತೇಲುತ್ತಿರುವಾಗಲೇ ಆತುರಪಟ್ಟರೆ ಒಳಗೆ ಮಂಜಿನ ಹರಳು ಕಟ್ಟಿ ಟಿಶ್ಯೂ ತುಂಬ ತೂತು.

ಮೇಣ ಪದರಗಳನ್ನು ಸ್ಪಷ್ಟವಾಗಿ ಕೊಡುತ್ತದೆ, ಬ್ಲಾಕ್ ವರ್ಷಗಟ್ಟಲೆ ಉಳಿಯುತ್ತದೆ, ಕರೆಂಟು ಹೋದರೂ ಭಯವಿಲ್ಲ. ಆದರೆ ಕುಗ್ಗಿಸುತ್ತದೆ. 20 ಮಿಲಿಮೀಟರ್ ಇದ್ದ ಅಗಲ ಸ್ಲೈಡ್ ಮೇಲೆ 17 ಬಂತು ಎಂದುಕೊಳ್ಳಿ. ಒಂದು ದಿಕ್ಕಿಗೆ 15 ಶೇಕಡ ಕುಗ್ಗಿದೆ ಎನ್ನಿಸುತ್ತದೆ, ದೊಡ್ಡದಲ್ಲ ಅನ್ನಿಸುತ್ತದೆ. ಮೂರೂ ದಿಕ್ಕಿಗೆ ಹಾಗೆ ಕುಗ್ಗಿದ್ದರೆ ಗಾತ್ರ 0.61ಕ್ಕೆ ಇಳಿದಿದೆ. ಒಂದು ಘನ ಮಿಲಿಮೀಟರಿಗೆ ಇಷ್ಟು ನರಕೋಶ ಎಂದು ನೇರವಾಗಿ ಎಣಿಸಿದರೆ ಉತ್ತರ ನಿಜಕ್ಕಿಂತ 1.6 ಪಟ್ಟು ಹೆಚ್ಚು ಬರುತ್ತದೆ. ಕ್ಯಾಲಿಪರ್ ಅಳತೆ ಬೇಕಾಗುವುದು ಇಲ್ಲಿ.

ಜೆನ್ನಾರಿ ಗೆರೆಯ ಪಾಠಕ್ಕೆ ನನ್ನ ಆಯ್ಕೆ ಮೇಣ.

ಸೆಕ್ಷನ್

ಆಸ್ಪತ್ರೆಯ ರಿಪೋರ್ಟಿಗೆ 4–5 ಮೈಕ್ರಾನ್ ಕತ್ತರಿಸಿ ಅಭ್ಯಾಸವಾದ ಕೈಗೆ 20 ಮೈಕ್ರಾನ್ ಎಂದರೆ ಮುಜುಗರ. ಆದರೆ ತೆಳು ಸೆಕ್ಷನ್‌ನಲ್ಲಿ ಪದರದ ಸಾಂದ್ರತೆ ಕಣ್ಣಿಗೆ ಸಿಗುವುದಿಲ್ಲ, ನರಕೋಶಗಳೆಲ್ಲ ಅರ್ಧರ್ಧ ತುಂಡಾಗಿರುತ್ತವೆ. ಬ್ಲಾಕಿನ ಮುಖಕ್ಕೆ ತಣ್ಣೀರಲ್ಲಿ ಅದ್ದಿದ ಹತ್ತಿ ಇಟ್ಟು, ಐಸ್ ಮೇಲೆ ಕೂರಿಸಿ, ಆಮೇಲೆ ಕತ್ತರಿಸಿದರೆ ಸೆಕ್ಷನ್ ಬಿರಿಯುವುದಿಲ್ಲ. ಚಕ್ರವನ್ನು ನಿಧಾನಕ್ಕೆ, ಒಂದೇ ವೇಗದಲ್ಲಿ ತಿರುಗಿಸಿ. ಸೆಕ್ಷನ್ ಉದ್ದಕ್ಕೆ ಗೀರು ಬಂದರೆ ಬ್ಲೇಡು ಸರಿಸಿ. ಅಡ್ಡಡ್ಡ ಅಲೆ ಬಂದರೆ ಸ್ಕ್ರೂ ಸಡಿಲವಿದೆಯಾ ನೋಡಿ.

ಕತ್ತರಿಸುವ ಮೊದಲು ಬ್ಲಾಕಿನ ಮುಖದ ಫೋಟೊ ತೆಗೆಯುವುದು ರೂಢಿಸಿಕೊಳ್ಳಿ. ಪ್ರತಿ ಹತ್ತನೇ ಸೆಕ್ಷನ್‌ಗೆ ಒಂದಾದರೂ ಇರಲಿ. ಕತ್ತರಿಸಿದ ಸೆಕ್ಷನ್ ನೀರಿನಲ್ಲಿ ಹಿಗ್ಗುತ್ತದೆ, ಮಡಿಸುತ್ತದೆ, ಹರಿಯುತ್ತದೆ. ಬ್ಲಾಕಿನ ಮುಖ ಹಾಗೆ ಮಾಡುವುದಿಲ್ಲ.

ವಾಟರ್ ಬಾತ್ 42–45 ಡಿಗ್ರಿ. ನೀರು ಹೆಚ್ಚು ಬಿಸಿಯಾದರೆ ಟಿಶ್ಯೂ ಹರಡಿ ಕೋಶಗಳ ನಡುವೆ ಸಂದು ಬಿಡುತ್ತದೆ. ಮಿದುಳಿನ ಸೆಕ್ಷನ್ ಸ್ಲೈಡ್ ಬಿಟ್ಟು ತೇಲಿ ಹೋಗುವುದು ಸಾಮಾನ್ಯ, ಆದ್ದರಿಂದ ಜೆಲಟಿನ್ ಅಥವಾ ಪಾಲಿಲೈಸಿನ್ ಹಚ್ಚಿದ ಸ್ಲೈಡ್ ಬಳಸಿ, ರಾತ್ರಿಯಿಡೀ 37 ಡಿಗ್ರಿಯಲ್ಲಿ ಒಣಗಿಸಿ. ಮಳೆಗಾಲದಲ್ಲಿ ಇನ್ನೊಂದು ದಿನ ಹೆಚ್ಚು ಬಿಡಿ.

4 ಮಿಲಿಮೀಟರ್ ಬ್ಲಾಕ್ ಕುಗ್ಗಿ 3.4 ಆಗಿದ್ದರೆ 20 ಮೈಕ್ರಾನ್‌ಗೆ 170 ಸೆಕ್ಷನ್. ಹತ್ತು ಹತ್ತರ ಗುಂಪು ಮಾಡಿ: ಮೊದಲನೆಯದು ನಿಸ್ಸ್ಲ್ (ಕೋಶಗಳ ಸ್ಟೇನ್), ಎರಡನೆಯದು ಮಯಲಿನ್, ಉಳಿದ ಎಂಟು ಸ್ಟೇನ್ ಮಾಡದೆ ಡಬ್ಬಿಗೆ. ಹಾಳಾದ ಸೆಕ್ಷನ್‌ಗೂ ಸಂಖ್ಯೆ ಕೊಡಿ, ಖಾಲಿ ಜಾಗ ಬಿಡಿ. ಎಸೆದು ಮುಂದಿನದಕ್ಕೆ ಅದೇ ಸಂಖ್ಯೆ ಕೊಟ್ಟರೆ ಆಳದ ಲೆಕ್ಕ ತಪ್ಪುತ್ತದೆ.

ಬಣ್ಣ

ನಿಸ್ಸ್ಲ್ ಸ್ಟೇನ್ ಕೋಶದೊಳಗಿನ ಆರ್‌ಎನ್‌ಎಯನ್ನು ಹಿಡಿಯುತ್ತದೆ. ಜರ್ಮನಿಯ ಫ್ರಾಂಜ್ ನಿಸ್ಸ್ಲ್ ವಿದ್ಯಾರ್ಥಿಯಾಗಿದ್ದಾಗಲೇ ಕಂಡುಹಿಡಿದ ಪದ್ಧತಿ. 0.1 ಶೇಕಡ ಕ್ರೆಸಿಲ್ ವಯಲೆಟ್‌ಗೆ ಕೆಲವು ಹನಿ ಅಸಿಟಿಕ್ ಆಸಿಡ್ ಸೇರಿಸಿ, ಸೋಸಿ, ಸ್ವಲ್ಪ ಬೆಚ್ಚಗೆ ಮಾಡಿ 10 ನಿಮಿಷ ಅದ್ದಿ. ಕೈಚಳಕ ಇರುವುದು ಇದರ ನಂತರ. ಆಸಿಡ್ ಹನಿ ಬೆರೆಸಿದ 95 ಶೇಕಡ ಆಲ್ಕೋಹಾಲ್‌ನಲ್ಲಿ ಬಣ್ಣ ಇಳಿಸುತ್ತಾ, ಪ್ರತಿ ಕೆಲವು ಸೆಕೆಂಡಿಗೆ ಮೈಕ್ರೋಸ್ಕೋಪ್‌ನಲ್ಲಿ ನೋಡುತ್ತಾ ಹೋಗಬೇಕು. ಹಿನ್ನೆಲೆ ತಿಳಿಯಾಗಿ, ನರಕೋಶದ ಒಳಗಿನ ನೇರಳೆ ಕಣಗಳು ಉಳಿದಾಗ ನಿಲ್ಲಿಸಿ. ಗಡಿಯಾರ ನೋಡಿ ನಿಲ್ಲಿಸಬೇಡಿ. ಹಾಗೆಂದು ಒಂದೊಂದು ಸ್ಲೈಡ್‌ಗೂ ಒಂದೊಂದು ಮನಸ್ಸಿನಿಂದ ಇಳಿಸಿದರೆ ಹೋಲಿಸಲು ಬರುವುದಿಲ್ಲ. ಒಂದು ಬ್ಲಾಕಿನ ಎಲ್ಲ ನಿಸ್ಸ್ಲ್ ಸ್ಲೈಡ್‌ಗಳು ಒಂದೇ ದಿನ, ಒಂದೇ ರ್‍ಯಾಕ್‌ನಲ್ಲಿ ಆಗಲಿ. ಆಮೇಲೆ ಆಲ್ಕೋಹಾಲ್, ಜೈಲೀನ್, ಡಿಪಿಎಕ್ಸ್ ಅಂಟು, ಕವರ್‌ಸ್ಲಿಪ್.

ಮಯಲಿನ್‌ಗೆ ಲಕ್ಸಾಲ್ ಫಾಸ್ಟ್ ಬ್ಲೂ. ಕ್ಲೂವರ್ ಮತ್ತು ಬರೇರಾ 1953ರಲ್ಲಿ ಕೊಟ್ಟದ್ದು. 0.1 ಶೇಕಡ ದ್ರಾವಣದಲ್ಲಿ ಸುಮಾರು 60 ಡಿಗ್ರಿಯಲ್ಲಿ ರಾತ್ರಿಯಿಡೀ, ಮುಚ್ಚಳ ಬಿಗಿಯಾಗಿ. ಬೆಳಿಗ್ಗೆ 0.05 ಶೇಕಡ ಲಿಥಿಯಂ ಕಾರ್ಬೊನೇಟ್‌ನಲ್ಲಿ ಕೆಲವೇ ಸೆಕೆಂಡು, ಆಮೇಲೆ 70 ಶೇಕಡ ಆಲ್ಕೋಹಾಲ್. ಬಿಳಿ ದ್ರವ್ಯ ನೀಲಿಯಾಗಿ ಉಳಿದು ಬೂದು ದ್ರವ್ಯ ಬಣ್ಣ ಬಿಡುವ ತನಕ ಎರಡನ್ನೂ ಮತ್ತೆ ಮತ್ತೆ ಮಾಡಿ. ಜೆನ್ನಾರಿ ಗೆರೆ ಈ ಹೊತ್ತಿಗೆ ನೀಲಿಯಾಗಿ ಎದ್ದು ಬರುತ್ತದೆ. ಅದು ಅಳಿಸಿ ಹೋಗುವ ಮೊದಲೇ ಕೈ ನಿಲ್ಲಬೇಕು.

ಗಾಲ್ಜಿ ಪದ್ಧತಿಯನ್ನೂ ಕೇಳಿರುತ್ತೀರಿ, 1873ರದ್ದು. ಅದು ನೂರಾರು ಕೋಶಗಳಲ್ಲಿ ಕೆಲವನ್ನು ಮಾತ್ರ ಕೊಂಬೆ ರೆಂಬೆ ಸಮೇತ ಕಪ್ಪಾಗಿಸುತ್ತದೆ. ಒಂದು ಕೋಶದ ರೂಪ ನೋಡಲು ಅದಕ್ಕೆ ಸಾಟಿಯಿಲ್ಲ. ಪದರಗಳ ನಕ್ಷೆಗೆ ಅದು ಆಗುವುದಿಲ್ಲ.

ಸ್ಕ್ಯಾನ್ ಮಾಡಿ, ಗೆರೆ ಓದುವುದು

20ಎಕ್ಸ್ ಲೆನ್ಸ್‌ನಲ್ಲಿ ಒಂದು ಪಿಕ್ಸೆಲ್‌ಗೆ 0.5 ಮೈಕ್ರಾನ್ ಸಾಕು. 25ಕ್ಕೆ 20 ಮಿಲಿಮೀಟರ್ ಸೆಕ್ಷನ್ ಎಂದರೆ 50,000ಕ್ಕೆ 40,000 ಪಿಕ್ಸೆಲ್, ಅಂದರೆ 200 ಕೋಟಿ. ಕಂಪ್ರೆಸ್ ಮಾಡದಿದ್ದರೆ 6 ಜಿಬಿ. ಬ್ಲಾಕಿನ 170 ಸೆಕ್ಷನ್‌ಗಳನ್ನೂ ಸ್ಕ್ಯಾನ್ ಮಾಡಿದರೆ ಒಂದು ಟೆರಾಬೈಟ್. 2013ರಲ್ಲಿ ಜರ್ಮನಿಯ ಯೂಲಿಷ್ ಮತ್ತು ಕೆನಡಾದ ಮಾಂಟ್ರಿಯಲ್ ತಂಡಗಳು ಹೊರತಂದ ಬಿಗ್‌ಬ್ರೇನ್ ಇದೆಯಲ್ಲ, 65 ವರ್ಷದ ಒಬ್ಬರ ಇಡೀ ಮಿದುಳು, 20 ಮೈಕ್ರಾನ್‌ನ 7,404 ಸೆಕ್ಷನ್, ಅದೂ ಸುಮಾರು ಒಂದು ಟೆರಾಬೈಟೇ. ಅವರು ಚಿತ್ರವನ್ನು 20 ಮೈಕ್ರಾನ್‌ಗೆ ಇಳಿಸಿಕೊಂಡರು, ಏಕೆಂದರೆ ಅವರಿಗೆ ಬೇಕಿದ್ದದ್ದು ಇಡೀ ಮಿದುಳಿನ ಪದರಗಳು. ಯಾವ ಸೂಕ್ಷ್ಮತೆ ಬೇಕು ಎಂಬುದನ್ನು ಪ್ರಶ್ನೆ ನಿರ್ಧರಿಸಲಿ, ಮಷಿನ್‌ನ ಗರಿಷ್ಠ ಶಕ್ತಿ ಅಲ್ಲ.

ಸ್ಕ್ಯಾನ್‌ಗೆ ಮೊದಲು ಖಾಲಿ ಸ್ಲೈಡ್ ಇಟ್ಟು ಬೆಳಕು ಸಮ ಮಾಡಿಕೊಳ್ಳಿ. ಇಲ್ಲದಿದ್ದರೆ ಜೋಡಿಸಿದ ಚಿತ್ರದಲ್ಲಿ ಚೌಕಗಳ ಅಂಚು ಕಾಣುತ್ತದೆ. ಕ್ಯುಪಾತ್, ಫಿಜಿ ಎರಡೂ ಉಚಿತ ಸಾಫ್ಟ್‌ವೇರ್, ಎರಡೂ ಒಳ್ಳೆಯವು.

ಈಗ ಗೆರೆ. ನಿಸ್ಸ್ಲ್ ಸ್ಲೈಡ್‌ನಲ್ಲಿ ಹೊರಗಿನಿಂದ ಒಳಕ್ಕೆ ಬನ್ನಿ. 1ನೇ ಪದರದಲ್ಲಿ ನರಕೋಶ ಇಲ್ಲವೆನ್ನುವಷ್ಟು ಕಡಿಮೆ. 2, 3 ತುಂಬಿಕೊಂಡಿವೆ. ಆಮೇಲೆ 4ನೇ ಪದರದೊಳಗೆ ತಿಳಿಯಾದ ಪಟ್ಟಿಯೊಂದು, ಅದರ ಕೆಳಗೆ ಸಣ್ಣ ಕೋಶಗಳು ಒತ್ತೊತ್ತಾಗಿ ತುಂಬಿದ ಕಡುಪಟ್ಟಿ. ತಿಳಿಪಟ್ಟಿ 4ಬಿ, ಕಡುಪಟ್ಟಿ 4ಸಿ. ಕೋಶ ಕಡಿಮೆ ಇರುವ ಆ 4ಬಿಯಲ್ಲೇ ಮಯಲಿನ್ ತಂತುಗಳು ತುಂಬಿವೆ. ಜೆನ್ನಾರಿ ಗೆರೆ ಅದೇ. ಪಕ್ಕದ ಮಯಲಿನ್ ಸ್ಲೈಡ್‌ನಲ್ಲಿ ನೀಲಿ ಗೆರೆ, ಇಲ್ಲಿ ತಿಳಿಪಟ್ಟಿ, ಎರಡೂ ಒಂದೇ ಆಳದಲ್ಲಿ ಬರಬೇಕು.

ಕಣ್ಣಂದಾಜು ಬೇಡ. ಫಿಜಿಯಲ್ಲಿ ಕಾರ್ಟೆಕ್ಸ್‌ಗೆ ಲಂಬವಾಗಿ, ಅರ್ಧ ಮಿಲಿಮೀಟರ್ ಅಗಲದ ಆಯತ ಎಳೆದು ಪ್ರೊಫೈಲ್, ಅಂದರೆ ಯಾವ ಆಳದಲ್ಲಿ ಬಣ್ಣ ಎಷ್ಟು ಗಾಢ ಎಂಬ ಗ್ರಾಫ್, ತೆಗೆಯಿರಿ. ಮೇಲ್ಮೈ ಸೊನ್ನೆ, ಬಿಳಿ ದ್ರವ್ಯದ ಅಂಚು ನೂರು ಎಂದು ಆಳವನ್ನು ಶೇಕಡಕ್ಕೆ ತನ್ನಿ. ನಿಸ್ಸ್ಲ್‌ನ ತಗ್ಗು, ಮಯಲಿನ್‌ನ ಏರು ಎದುರುಬದುರಾಗಿ ನಿಲ್ಲುತ್ತವೆ. ಗಡಿ ದಾಟಿ 18ನೇ ಪ್ರದೇಶಕ್ಕೆ ಹೋದರೆ ಎರಡೂ ಮಾಯ. ಅಂಥ ಪ್ರೊಫೈಲ್‌ಗಳನ್ನು ಸಾಲಾಗಿ ತೆಗೆದು, ಎಲ್ಲಿ ಬದಲಾಗುತ್ತದೆ ಎಂದು ಲೆಕ್ಕದಿಂದಲೇ ಗಡಿ ಹುಡುಕುವ ಪದ್ಧತಿಯನ್ನು ಯೂಲಿಷ್‌ನವರು ಬಹಳ ಮುಂದಕ್ಕೆ ಒಯ್ದಿದ್ದಾರೆ.

ಕೋಶ ಎಣಿಸಲು ಕ್ಯುಪಾತ್‌ಗೆ ಬಿಟ್ಟರೆ 4ಸಿಯಲ್ಲಿ ಸೋಲುತ್ತದೆ. ಅಲ್ಲಿ ಒಂದರ ಮೇಲೊಂದು ಕೋಶ ಬಿದ್ದಿರುವುದರಿಂದ ಎರಡನ್ನು ಒಂದೆಂದು ಎಣಿಸುತ್ತದೆ. ಪ್ರತಿ ಪದರದಲ್ಲೂ 100 ಮೈಕ್ರಾನ್‌ನ ಕೆಲವು ಚೌಕಗಳನ್ನು ನೀವೇ ಕೂತು ಎಣಿಸಿ, ಸಾಫ್ಟ್‌ವೇರ್ ಉತ್ತರದ ಪಕ್ಕ ಬರೆಯಿರಿ. ಪ್ರಕಟಿಸುವಾಗ ಎರಡೂ ಸಂಖ್ಯೆ ಹಾಕಿ.

ಎಲ್ಲ ಒಂದರ ಮೇಲೊಂದು

ಸೆಕ್ಷನ್ ಚಿತ್ರವನ್ನು ಬ್ಲಾಕಿನ ಮುಖದ ಫೋಟೊಗೆ, ಅದನ್ನು ಹೋಳಿನ ಫೋಟೊಗೆ, ಅದನ್ನು ಎಂಆರ್‌ಐಗೆ ಕೂರಿಸಿ. ನೇರ ಎಂಆರ್‌ಐಗೆ ಹಾರಬೇಡಿ. ಮೊದಲು ತಿರುಗಿಸುವುದು, ಹಿಗ್ಗಿಸುವುದು ಮಾತ್ರ. ಆಮೇಲೆ ಬೇಕಾದಷ್ಟು ಬಾಗಿಸುವುದು. ಆ್ಯಂಟ್ಸ್ ಎಂಬ ಉಚಿತ ಸಾಫ್ಟ್‌ವೇರ್ ಇದನ್ನು ಮಾಡುತ್ತದೆ.

ಕೂರಿಸಲು ಗುರುತಾಗಿ ಸೂಜಿ ತೂತು, ರಕ್ತನಾಳ, ಬೂದು ಬಿಳಿ ದ್ರವ್ಯದ ಗಡಿ, ಸಲ್ಕಸ್‌ನ ಅಂಚು ಬಳಸಿ. ಜೆನ್ನಾರಿ ಗೆರೆಯನ್ನು ಮಾತ್ರ ಬಳಸಬೇಡಿ. ಅದನ್ನು ಪರೀಕ್ಷೆಗೆಂದು ಎತ್ತಿಡಿ. ಎಲ್ಲ ಕೂತ ಮೇಲೆ, ಎಂಆರ್‌ಐಯ ಕಪ್ಪು ಗೆರೆ, ಹೋಳಿನ ಬಿಳಿ ಗೆರೆ, ಮಯಲಿನ್‌ನ ನೀಲಿ ಗೆರೆ, ನಿಸ್ಸ್ಲ್‌ನ ತಿಳಿಪಟ್ಟಿ ಇವುಗಳ ಅಂತರ ಅಳೆಯಿರಿ. ಗೆರೆಗೇ ಗೆರೆ ಕೂರಿಸಿದರೆ ಸರಿಯಾಗಿಯೇ ಕಾಣುತ್ತದೆ, ಆದರೆ ನೀವು ಏನನ್ನೂ ಪರೀಕ್ಷಿಸಿದಂತಾಗುವುದಿಲ್ಲ. ನಾನು ಮಕ್ಕಳಿಗೆ ಹಟ ಹಿಡಿದು ಹೇಳುವ ಮಾತು ಇದು.

ಗೆರೆ ಇಡಿಯಾಗಿ ಒಂದೇ ಕಡೆಗೆ ಸರಿದಿದ್ದರೆ ಸಾಮಾನ್ಯವಾಗಿ ಕುಗ್ಗಿದ ಲೆಕ್ಕ ತಪ್ಪಿದೆ. ಒಂದು ದಡದಲ್ಲಿ ಸರಿ, ಇನ್ನೊಂದರಲ್ಲಿ ದೂರ ಇದ್ದರೆ ಕೊಯ್ದ ಕೋನ ನೋಡಿ. ಗೆರೆ ಸರಿಯಿದ್ದು ಅದು ನಿಲ್ಲುವ ಗಡಿ ಮಾತ್ರ ಮುಂದೆ ಹಿಂದೆ ಆಗಿದ್ದರೆ ಸೆಕ್ಷನ್ ಸಂಖ್ಯೆ ತಪ್ಪಿರಬಹುದು. ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿದ್ದರೆ ಸೂಜಿ ತೂತು ಪರೀಕ್ಷಿಸಿ.

ಬೇರೆ ಪದ್ಧತಿಗಳನ್ನು ಆರಿಸುವಾಗಲೂ ಇದೇ ಗೆರೆಯನ್ನು ಕೇಳಿ ನೋಡಿ. ಪೋಲರೈಸ್ಡ್ ಲೈಟ್ ಇಮೇಜಿಂಗ್‌ಗೆ ಸ್ಟೇನ್ ಬೇಡ, ಮಂಜಿನ ಸೆಕ್ಷನ್ ಸಾಕು. ಮಯಲಿನ್ ಬೆಳಕನ್ನು ತಿರುಗಿಸುವ ರೀತಿಯಿಂದ ತಂತುವಿನ ದಿಕ್ಕು ಸಿಗುತ್ತದೆ. ಡಿಫ್ಯೂಷನ್ ಎಂಆರ್‌ಐಯ ಊಹೆಯನ್ನು ಒರೆಗೆ ಹಚ್ಚಲು ಒಳ್ಳೆಯ ದಾರಿ. ಟಿಶ್ಯೂವನ್ನು ಪಾರದರ್ಶಕ ಮಾಡುವ ಕ್ಲಾರಿಟಿ ಪದ್ಧತಿ, 2013ರಲ್ಲಿ ಸ್ಟ್ಯಾನ್‌ಫರ್ಡ್‌ನಿಂದ ಬಂದದ್ದು, ಕೊಬ್ಬನ್ನೇ ತೊಳೆದುಬಿಡುತ್ತದೆ. ಮಯಲಿನ್‌ನ ಬಹುಪಾಲು ಕೊಬ್ಬೇ ಆದ್ದರಿಂದ ಬರಿಗಣ್ಣಿನ ಬಿಳಿ ಗೆರೆ ಅಲ್ಲಿ ಉಳಿಯುವುದಿಲ್ಲ. ಪ್ರೋಟೀನ್‌ಗೆ ಅಂಟುವ ಆ್ಯಂಟಿಬಾಡಿಯಿಂದಲೇ ಹುಡುಕಬೇಕು. ವಯಸ್ಸಾದವರ ನರಕೋಶದಲ್ಲಿ ಲಿಪೊಫ್ಯೂಸಿನ್ ಎಂಬ ವರ್ಣಕ ತಾನಾಗಿಯೇ ಹೊಳೆಯುತ್ತದೆ, ಫ್ಲೋರೆಸೆನ್ಸ್ ನೋಡುವವರು ಸೂಡಾನ್ ಬ್ಲ್ಯಾಕ್‌ನಿಂದ ಅದನ್ನು ತಗ್ಗಿಸಿ. ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ನರಕೋಶಗಳು ಸಂಧಿಸುವ ಸಿನಾಪ್ಸ್ ತನಕ ಹೋಗುತ್ತದೆ. 2024ರಲ್ಲಿ ಹಾರ್ವರ್ಡ್ ಮತ್ತು ಗೂಗಲ್ ತಂಡ ಟೆಂಪೊರಲ್ ಕಾರ್ಟೆಕ್ಸ್‌ನ ಒಂದು ಘನ ಮಿಲಿಮೀಟರಿನಲ್ಲಿ ಸುಮಾರು 57,000 ಕೋಶ, 15 ಕೋಟಿ ಸಿನಾಪ್ಸ್ ತೋರಿಸಿತು, 1.4 ಪೆಟಾಬೈಟ್ ಮಾಹಿತಿ. ಆದರೆ ಅದು ಎಪಿಲೆಪ್ಸಿ ಆಪರೇಷನ್‌ನಲ್ಲಿ ತೆಗೆದು ತಕ್ಷಣ ಫಿಕ್ಸ್ ಮಾಡಿದ ತುಂಡು. ಗಂಟೆಗಟ್ಟಲೆ ಕಾದು ಬಂದ ನಮ್ಮ ಮಿದುಳುಗಳಲ್ಲಿ ಆ ಸ್ಪಷ್ಟತೆ ನಿರೀಕ್ಷಿಸಬೇಡಿ.

ಮೇಣ, ಮಂಜು, ಸ್ಟೇನ್ ಇವುಗಳಿಂದ ಎಷ್ಟು ದೂರ ಹೋಗಬಹುದು ಎಂದು ನೋಡಲು ಹೊರದೇಶಕ್ಕೆ ಹೋಗಬೇಕಿಲ್ಲ. ಐಐಟಿ ಮದ್ರಾಸ್‌ನ ಸುಧಾ ಗೋಪಾಲಕೃಷ್ಣನ್ ಬ್ರೇನ್ ಸೆಂಟರ್ 2024ರ ಡಿಸೆಂಬರ್‌ನಲ್ಲಿ ಧರಣಿ ಎಂಬ ಅಟ್ಲಾಸ್ ಹೊರತಂದಿತು. ಗರ್ಭದಲ್ಲಿ ಎರಡನೇ ತ್ರೈಮಾಸಿಕದ ಶಿಶುಗಳ ಮಿದುಳು, 5,132 ಸೆಕ್ಷನ್, ಕೋಶ ಕಾಣುವಷ್ಟು ಸೂಕ್ಷ್ಮ, ಯಾರು ಬೇಕಾದರೂ ತೆರೆದು ನೋಡಬಹುದು. ಕಲಿಯುವವರು ಅದನ್ನೂ ಬಿಗ್‌ಬ್ರೇನನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂರಿ.

ಕ್ಯಾಲ್ಕರೈನ್ ಬ್ಲಾಕ್ ಸರಿಬಂದ ಮೇಲೆ ಮುಂದಿನದು ಮೋಟಾರ್ ಕಾರ್ಟೆಕ್ಸ್, ಬ್ರಾಡ್‌ಮನ್‌ನ 4ನೇ ಪ್ರದೇಶ. ಅಲ್ಲಿ ಬರಿಗಣ್ಣಿಗೆ ಗೆರೆಯಿಲ್ಲ. 5ನೇ ಪದರದ ದೈತ್ಯ ಬೆಟ್ಜ್ ಕೋಶಗಳೇ ಗುರುತು, ಅವೂ ಚದುರಿಕೊಂಡಿರುತ್ತವೆ, ಮುಂದಿನ 6ನೇ ಪ್ರದೇಶದ ಕಡೆಗೆ ಹೋದಂತೆ ನಿಧಾನಕ್ಕೆ ಮುಗಿಯುತ್ತವೆ. ಸೆಂಟ್ರಲ್ ಸಲ್ಕಸ್‌ಗೆ ಲಂಬವಾಗಿ ಬ್ಲಾಕ್ ತೆಗೆಯಿರಿ, 20 ಮೈಕ್ರಾನ್, ಅದೇ ಹತ್ತರ ಗುಂಪು. ಮೊದಲ ಗಡಿಯನ್ನು ನೀವು ಒಬ್ಬರು, ಸಹೋದ್ಯೋಗಿ ಒಬ್ಬರು, ಒಬ್ಬರದನ್ನು ಒಬ್ಬರು ನೋಡದೆ ಗುರುತು ಮಾಡಿ, ಆಮೇಲೆ ಎರಡನ್ನೂ ಸ್ಲೈಡ್ ಸಮೇತ ನಿಮ್ಮ ಪೆಥಾಲಜಿಸ್ಟ್ ಮೇಡಂ ಮುಂದೆ ಇಡಿ.